ಅಂಚಿನಿಂದ ನಡುವಿಗೆ: ಹಳೆಯ ರಿವಾಲ್ವರಿಗೆ ಹೊಸ ತೋಟಾ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಸ್ಮಿತ್ ಅಂಡ್ ವೆಸನ್ ಕಾರ್ಖಾನೆ 1940ರಲ್ಲಿ ‘ಕೆ-22 ಮಾಸ್ಟರ್‌ಪೀಸ್’ ಎಂಬ ಆರು ಗುಂಡಿನ ರಿವಾಲ್ವರ್ ಹೊರತಂದಿತು. ಗುರಿ ಹೊಡೆಯುವವರಿಗೆಂದೇ ಮಾಡಿದ್ದು. ಆರಿಂಚಿನ ನಳಿಗೆ, ತಿರುಪಿನಿಂದ ಹೊಂದಿಸಬಹುದಾದ ಗುರಿಕಣ್ಣು, ಕಪ್ಪುನೀಲಿ ಹೊಳಪು. ಅಷ್ಟರಲ್ಲಿ ಯುದ್ಧದ ಆರ್ಡರುಗಳು ಕಾರ್ಖಾನೆಯನ್ನು ಮುತ್ತಿಕೊಂಡವು. ಆ ಮೊದಲ ಕಂತಿನಲ್ಲಿ ತಯಾರಾದದ್ದು 1,067 ಮಾತ್ರ. ಯುದ್ಧ ಮುಗಿದ ಮೇಲೆ ಅದೇ ಹೆಸರಿನ ರಿವಾಲ್ವರ್ ಮತ್ತೆ ಬಂತು, 1957ರಲ್ಲಿ ‘ಮಾಡೆಲ್ 17’ ಎಂಬ ನಂಬರು ಪಡೆಯಿತು, ದಶಕಗಟ್ಟಲೆ ಮಾರಾಟವಾಯಿತು. ಸಂಗ್ರಾಹಕರು ಇಂದು ಹುಡುಕುವುದು ಯುದ್ಧಕ್ಕೆ ಮುಂಚಿನದನ್ನು ಮತ್ತು ಯುದ್ಧ ಮುಗಿದ ಹೊಸದರಲ್ಲಿ ಬಂದದ್ದನ್ನು.

ಇಂಥ ರಿವಾಲ್ವರ್ ಕೈಸೇರಿದ ಕೆಲವರಿಗೆ ಒಂದು ಚಪಲ ಹುಟ್ಟುತ್ತದೆ. ಇಷ್ಟು ಗಟ್ಟಿಯಾದ ಉಕ್ಕಿನ ಚೌಕಟ್ಟು, ಇಷ್ಟು ನಯವಾದ ಟ್ರಿಗರ್. ಹಾರಿಸುವುದು ಮಾತ್ರ ಪುಟಾಣಿ .22 ಲಾಂಗ್ ರೈಫಲ್ ತೋಟಾ. ಇದನ್ನೇ ಇನ್ನೂ ಜೋರಿನ ತೋಟಾಕ್ಕೆ ಮಾರ್ಪಡಿಸಿಕೊಂಡರೆ? ಅಮೆರಿಕದಲ್ಲಿ ಈ ಪ್ರಶ್ನೆ ಹೊಸದಲ್ಲ. ಅದರ ಹಿಂದೆ ನೂರೈವತ್ತು ವರ್ಷಕ್ಕೂ ಮಿಗಿಲಾದ ಕಥೆಯಿದೆ. ಆ ಕಥೆ ಗೊತ್ತಿದ್ದರೆ ಸಂಗ್ರಾಹಕರು ಒಂದು ಮಾರ್ಪಾಡನ್ನು ಕಂಡು ಕಣ್ಣರಳಿಸಿ, ಇನ್ನೊಂದನ್ನು ಕಂಡು ಮುಖ ಸಿಂಡರಿಸುವುದೇಕೆ ಎಂಬುದೂ ತಿಳಿಯುತ್ತದೆ.

ಎನ್‌ಸಿಸಿ ಕ್ಯಾಂಪಿನಲ್ಲಿ ಮಲಗಿ ಗುಂಡು ಹೊಡೆದವರಿಗೆ .22 ತೋಟಾ ಪರಿಚಿತ. ಹಾರಿಸಿದ ಮೇಲೆ ಉದುರುವ ಹಿತ್ತಾಳೆ ಕೊಳವೆಯನ್ನು ಎತ್ತಿ ತಿರುಗಿಸಿದರೆ ಹಿಂಬದಿಯ ನಡುವೆ ಏನೂ ಕಾಣದು. ಅಂಚಿನಲ್ಲಿ ಮಾತ್ರ ಒಂದು ಸಣ್ಣ ತಗ್ಗು. ಇದೇ ರಿಮ್‌ಫೈರ್. ಕೊಳವೆಯ ತಳದ ಅಂಚು ಒಳಗೆ ಟೊಳ್ಳು. ಪೆಟ್ಟಿಗೆ ಸಿಡಿಯುವ ಮದ್ದನ್ನು ಆ ಟೊಳ್ಳಿನ ಸುತ್ತ ಹರಡಿರುತ್ತಾರೆ. ಸುತ್ತಿಗೆಯ ಮೂಗು ಅಂಚನ್ನು ಜಜ್ಜಿದಾಗ ಮದ್ದು ಕಿಡಿಯಾಗಿ ಒಳಗಿನ ಪುಡಿಗೆ ಬೆಂಕಿ ತಾಗುತ್ತದೆ. ಸೆಂಟರ್‌ಫೈರ್ ತೋಟಾದಲ್ಲಿ ಹಾಗಲ್ಲ. ಮಲೆನಾಡಿನಲ್ಲಿ ಕೇಪು ಎನ್ನುವ ವಸ್ತು ಅಲ್ಲಿ ತಳದ ನಟ್ಟನಡುವೆ ಕೂತಿರುತ್ತದೆ, ಪೆಟ್ಟು ಬೀಳುವುದೂ ಅಲ್ಲಿಗೇ.

ಈ ವ್ಯತ್ಯಾಸದಿಂದ ಎರಡು ಸಂಗತಿ ಹುಟ್ಟುತ್ತವೆ. ಅಂಚು ಜಜ್ಜಿಹೋಗುವಷ್ಟು ತೆಳುವಾಗಿರಲೇಬೇಕಾದ್ದರಿಂದ ರಿಮ್‌ಫೈರ್ ತೋಟಾ ಹೆಚ್ಚು ಒತ್ತಡ ತಾಳದು. ಅಮೆರಿಕದ ತೋಟಾ ಉದ್ಯಮ .22 ಲಾಂಗ್ ರೈಫಲ್‌ಗೆ ಇಟ್ಟಿರುವ ಮಿತಿ ಚದರ ಇಂಚಿಗೆ 24,000 ಪೌಂಡ್; .357 ಮ್ಯಾಗ್ನಮ್ ಎಂಬ ಸೆಂಟರ್‌ಫೈರ್ ತೋಟಾಕ್ಕೆ 35,000. ಎರಡನೆಯದು ಇದಕ್ಕಿಂತ ಮುಖ್ಯ. ಸೆಂಟರ್‌ಫೈರಿನ ಖಾಲಿ ಕೊಳವೆಗೆ ಹೊಸ ಕೇಪು, ಪುಡಿ, ಗುಂಡು ತುಂಬಿ ಮತ್ತೆ ಬಳಸಬಹುದು. ರಿಮ್‌ಫೈರ್ ಒಮ್ಮೆ ಜಜ್ಜಿದರೆ ಮುಗಿಯಿತು. ಹೀಗಾಗಿ ಒಂದು ಅಳತೆಯ ರಿಮ್‌ಫೈರ್ ತೋಟಾವನ್ನು ಕಂಪನಿಗಳು ನಿಲ್ಲಿಸಿದ ದಿನದಿಂದ ಅದನ್ನು ನಂಬಿದ್ದ ರಿವಾಲ್ವರುಗಳೆಲ್ಲ ಮೂಕವಾಗತೊಡಗುತ್ತವೆ. ಮಾರ್ಪಾಡಿಗೆ ಕಾರಣ ಯಾವಾಗಲೂ ಚಪಲವೇ ಆಗಿರಲಿಲ್ಲ. ಎಷ್ಟೋ ಸಲ ಅದು ಗತಿಗೇಡು.

ಮೊದಲು ಚಪಲದ ಮಾತು. ಕೆ-22ನ್ನು .22 ಮ್ಯಾಗ್ನಮ್‌ಗೆ ಬದಲಾಯಿಸುವುದು ಮೇಲ್ನೋಟಕ್ಕೆ ಸಣ್ಣ ಕೆಲಸ. ಎರಡೂ ರಿಮ್‌ಫೈರ್, ಎರಡೂ .22, ಒತ್ತಡದ ಮಿತಿಯೂ ಒಂದೇ. ಕಷ್ಟ ಇರುವುದು ಅಳತೆಯಲ್ಲಿ. ಲಾಂಗ್ ರೈಫಲ್ ತೋಟಾ 1887ರದು. ಅದರ ಸೀಸದ ಗುಂಡಿನ ಹೊರಮೈ ಕೊಳವೆಯಷ್ಟೇ ದಪ್ಪ. ಹಿಂಭಾಗ ಮಾತ್ರ ಸಣಕಲಾಗಿ ಕೊಳವೆಯೊಳಗೆ ಹೊಕ್ಕಿರುತ್ತದೆ. 1959ರಲ್ಲಿ ವಿಂಚೆಸ್ಟರ್ ಕಂಪನಿ ತಂದ ಮ್ಯಾಗ್ನಮ್‌ನಲ್ಲಿ ಇಡೀ ಗುಂಡು ಕೊಳವೆಯ ಒಳಗೆ ಕೂರಬೇಕು, ಹಾಗಾಗಿ ಕೊಳವೆ ದಪ್ಪ. ಲಾಂಗ್ ರೈಫಲಿನದು 0.226 ಇಂಚು, ಮ್ಯಾಗ್ನಮ್‌ನದು 0.242. ನಡುವಿನ ಅಂತರ ಅರ್ಧ ಮಿಲಿಮೀಟರೂ ಇಲ್ಲ. ಆದರೆ ಆ ಅಂತರವನ್ನು ತುಂಬಲು ಇರುವುದು ಒಂದೇ ದಾರಿ, ಸಿಲಿಂಡರಿನಲ್ಲಿ ತೋಟಾ ಕೂರುವ ಆರೂ ಗೂಡುಗಳಿಂದ ಉಕ್ಕು ಕೊರೆದು ತೆಗೆಯುವುದು. ತೆಗೆದ ಉಕ್ಕು ಮರಳಿ ಬರುವುದಿಲ್ಲ. ಅಗಲವಾದ ಗೂಡಿಗೆ ಆಮೇಲೆ ಹಳೆಯ ಲಾಂಗ್ ರೈಫಲ್ ತೋಟಾ ಹಾಕಿ ಹೊಡೆದರೆ ಅದರ ತೆಳು ಕೊಳವೆ ಆಸರೆಯಿಲ್ಲದೆ ಉಬ್ಬುತ್ತದೆ, ಸೀಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹೊಸದು ಬಂತು, ಹಳೆಯದು ಹೋಯಿತು.

ಸ್ಮಿತ್ ಅಂಡ್ ವೆಸನ್ ಅದೇ 1959ರಲ್ಲಿ ಮ್ಯಾಗ್ನಮ್‌ಗೆಂದೇ ‘ಮಾಡೆಲ್ 48’ ಮಾಡಿ ಮಾರಾಟಕ್ಕಿಟ್ಟಿತು. ರೂಗರ್ ಕಂಪನಿ ಇನ್ನೂ ಜಾಣತನ ತೋರಿ ತನ್ನ ‘ಸಿಂಗಲ್-ಸಿಕ್ಸ್’ ರಿವಾಲ್ವರಿಗೆ ಎರಡು ಸಿಲಿಂಡರ್ ಕೊಟ್ಟಿತು. ಒಂದು ಲಾಂಗ್ ರೈಫಲ್‌ಗೆ, ಇನ್ನೊಂದು ಮ್ಯಾಗ್ನಮ್‌ಗೆ. ಬೇಕಾದಾಗ ಬೇಕಾದ್ದನ್ನು ಕೂರಿಸಿಕೊಳ್ಳಿ. ಅಂಗಡಿಯಲ್ಲಿ ಇವೆಲ್ಲ ಸಿಗುತ್ತಿರುವಾಗ ಎಂಬತ್ತು ವರ್ಷದ ಕೆ-22ನ್ನೇ ಕೊರೆಯುತ್ತೇನೆನ್ನುವವರ ಹಟ ನನಗೆ ಅರ್ಥವಾಗದು.

ಆದರೆ ಹಟಮಾರಿಗಳು ಇಲ್ಲದಿದ್ದರೆ ಕೆಲವು ಒಳ್ಳೆಯ ಕಥೆಗಳೂ ಇರುತ್ತಿರಲಿಲ್ಲ. ಕನೆಕ್ಟಿಕಟ್ ರಾಜ್ಯದ ಲೇಕ್‌ವಿಲ್‌ನಲ್ಲಿ ಲೇಕ್‌ವಿಲ್ ಆರ್ಮ್ಸ್ ನಡೆಸುತ್ತಿದ್ದ ಜಿಮ್ ಹಾರ್ವಿ 1950ರ ದಶಕದಲ್ಲಿ ಕೆ-22ಗಳನ್ನು ಸೆಂಟರ್‌ಫೈರ್‌ಗೆ ತಿರುಗಿಸುವ ಕೆಲಸಕ್ಕೆ ಕೈಹಾಕಿದ. ಹೊಲದಲ್ಲಿ ಬಿಲ ತೋಡುವ ವುಡ್‌ಚಕ್ ಎಂಬ ಪ್ರಾಣಿಯನ್ನು ದೂರದಿಂದ ಹೊಡೆಯುವುದು ಅಲ್ಲಿನ ಹಳ್ಳಿಗಾಡಿನ ಬೇಟೆಗಾರರ ಹವ್ಯಾಸ. ರಿವಾಲ್ವರಿನಿಂದಲೂ ಅದು ಸಾಧ್ಯವಾಗಬೇಕೆಂಬುದು ಅವನ ಆಸೆ. .22 ಹಾರ್ನೆಟ್ ಎಂಬ ರೈಫಲ್ ತೋಟಾದ ಕೊಳವೆಯನ್ನು ಮೊಟಕು ಮಾಡಿ, ಕೆ-22ರ ಸಿಲಿಂಡರಿನ ಉದ್ದಕ್ಕೆ ಹೊಂದಿಸಿ, ‘ಕೇ-ಚಕ್’ ಎಂಬ ಹೊಸ ತೋಟಾ ಮಾಡಿದ. ಗೂಡು ಅಗಲಿಸಿದರೆ ಇಲ್ಲಿ ಕೆಲಸ ಮುಗಿಯುತ್ತಿರಲಿಲ್ಲ. ಕೆ-22ರ ಪೆಟ್ಟು ಬೀಳುತ್ತಿದ್ದುದು ಅಂಚಿಗೆ; ಅದನ್ನು ನಡುವಿಗೆ ತರಬೇಕು. ಅಂದರೆ ಸುತ್ತಿಗೆ, ತೋಟಾಕ್ಕೆ ಪೆಟ್ಟು ಕೊಡುವ ಪಿನ್ನು, ಪಿನ್ನು ಹಾಯುವ ರಂಧ್ರ ಎಲ್ಲವೂ ಬದಲಾಗಬೇಕು. ಒಂದು ತೋಟಾಕ್ಕಾಗಿ ರಿವಾಲ್ವರಿನ ಅರ್ಧ ಅಂಗಾಂಗವೇ ಹೊಸದಾಯಿತು.

ಕಂಪನಿಗಳೂ ಇದನ್ನು ನೋಡುತ್ತಿದ್ದವು. ರೆಮಿಂಗ್ಟನ್ ಮತ್ತು ಸ್ಮಿತ್ ಅಂಡ್ ವೆಸನ್ ಸೇರಿ 1961ರಲ್ಲಿ .22 ಜೆಟ್ ಎಂಬ ತೋಟಾವನ್ನೂ ಅದಕ್ಕೆ ‘ಮಾಡೆಲ್ 53’ ರಿವಾಲ್ವರನ್ನೂ ಹೊರತಂದವು. ಈ ರಿವಾಲ್ವರ್ ಒಂದು ಸೊಗಸಾದ ಯಂತ್ರ. ಜೆಟ್ ಸೆಂಟರ್‌ಫೈರ್, ಆದರೆ ಪೆಟ್ಟಿಗೆಯಲ್ಲಿ ಆರು ಪುಟ್ಟ ಉಕ್ಕಿನ ಒಳಗೊಳವೆಗಳನ್ನು ಕೊಡುತ್ತಿದ್ದರು. ಅವನ್ನು ಗೂಡುಗಳಲ್ಲಿ ಕೂರಿಸಿದರೆ ಮಾಮೂಲಿ .22 ಲಾಂಗ್ ರೈಫಲ್ ಹಾಕಬಹುದು. ಚೌಕಟ್ಟಿನಲ್ಲಿ ಎರಡು ಪಿನ್ನು, ಒಂದು ಮೇಲೆ ಅಂಚಿಗೆ, ಒಂದು ಕೆಳಗೆ ನಡುವಿಗೆ. ಸುತ್ತಿಗೆಯ ಮೇಲಿನ ಸಣ್ಣ ಕೀಲನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರೆ ಪೆಟ್ಟು ಯಾವುದಕ್ಕೆ ಬೀಳಬೇಕೆಂಬುದು ತೀರ್ಮಾನವಾಗುತ್ತದೆ. ಒಂದೇ ರಿವಾಲ್ವರಿನಲ್ಲಿ ಎರಡು ಕಾಲದ ತೋಟಾ, ಏನನ್ನೂ ಕೊರೆಯದೆ.

ಇಷ್ಟೆಲ್ಲ ಇದ್ದೂ ಜೆಟ್ ಸೋತಿತು. ಅದರ ಕೊಳವೆ ಹಿಂದೆ ದಪ್ಪ, ಮುಂದಕ್ಕೆ ಹೋದಂತೆ ಸಣಕಲು. ಸಿಡಿದಾಗ ನೇರ ಕೊಳವೆ ಗೂಡಿನ ಗೋಡೆಯನ್ನು ಕಚ್ಚಿ ನಿಲ್ಲುತ್ತದೆ. ಇಳಿಜಾರಿನ ಕೊಳವೆ ಹಿಂದಕ್ಕೆ ಜಾರುತ್ತದೆ. ಜಾರಿದ ಕೊಳವೆ ಹಿಂದಿನ ಚೌಕಟ್ಟಿಗೆ ಒತ್ತಿಕೊಂಡರೆ ಸಿಲಿಂಡರ್ ತಿರುಗುವುದೇ ಇಲ್ಲ. ಗೂಡಿನಲ್ಲಿ ತುಸು ಎಣ್ಣೆಯಿದ್ದರಂತೂ ಮುಗಿದೇಹೋಯಿತು. ಎಣ್ಣೆ ಪೂರ್ತಿ ಒರೆಸಿ ಹೊಡೆಯಿರಿ ಎಂದು ಬಲ್ಲವರು ಹೇಳುತ್ತಿದ್ದರು. ಬೇಟೆಗೆ ಹೊರಟವನು ಪ್ರತಿ ಸಲ ಅದನ್ನು ನೆನಪಿಡುತ್ತಾನೆಯೇ? 1974ರಲ್ಲಿ ಮಾಡೆಲ್ 53 ನಿಂತಿತು. ಕೋಟ್ಯಂತರ ರೂಪಾಯಿ ಬಾಳುವ ಕಾರ್ಖಾನೆಯೇ ಎಡವಿದ ಜಾಗ ಇದು ಎಂಬುದನ್ನು, ಹಿತ್ತಿಲ ವರ್ಕ್‌ಶಾಪಿನಲ್ಲಿ ಹೊಸ ತೋಟಾದ ಕನಸು ಕಾಣುವವರು ಗಮನಿಸಬೇಕು.

ಇನ್ನು ಗತಿಗೇಡಿನ ಮಾರ್ಪಾಡುಗಳ ಕಥೆಗೆ ಹತ್ತೊಂಬತ್ತನೆಯ ಶತಮಾನಕ್ಕೆ ಹೋಗಬೇಕು. ಆಗಿನ ರಿವಾಲ್ವರುಗಳು ನಮ್ಮ ಕೇಪಿನ ಕೋವಿಯ ತತ್ವದವು. ಸಿಲಿಂಡರಿನ ಪ್ರತಿ ಗೂಡಿಗೂ ಮುಂದಿನಿಂದ ಕಪ್ಪುಮಸಿ ಎಂಬ ಸಿಡಿಮದ್ದು ಸುರಿದು, ಗುಂಡು ಒತ್ತಿ, ಹಿಂದೆ ಕೇಪು ಸಿಕ್ಕಿಸಬೇಕು. ರೋಲಿನ್ ವೈಟ್ ಎಂಬಾತ 1855ರ ಏಪ್ರಿಲ್ 3ರಂದು ಒಂದು ಪೇಟೆಂಟ್ ಪಡೆದ. ಅವನು ವಿವರಿಸಿದ್ದ ರಿವಾಲ್ವರ್ ಒಂದು ವಿಚಿತ್ರ ವಸ್ತು. ಆದರೆ ಅದರೊಳಗೆ ಒಂದು ಅಂಶ ಅಡಗಿತ್ತು, ಸಿಲಿಂಡರಿನ ಗೂಡನ್ನು ಹಿಂದಿನಿಂದ ಮುಂದಿನವರೆಗೆ ಪೂರ್ತಿ ತೂತು ಕೊರೆಯುವುದು. ಲೋಹದ ತೋಟಾವನ್ನು ಹಿಂದಿನಿಂದ ಹಾಕಲು ಬೇಕಾದದ್ದು ಅಷ್ಟೇ. ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಅದನ್ನು ಗುರುತಿಸಿ, ರಿವಾಲ್ವರ್ ಒಂದಕ್ಕೆ 25 ಸೆಂಟ್ ರಾಯಧನದ ಮೇಲೆ ಹಕ್ಕು ಪಡೆದರು. 1857ರಲ್ಲಿ ಏಳು ಗುಂಡಿನ ‘ಮಾಡೆಲ್ 1’ ಬಂತು, ಅದರ ಜೊತೆಗೇ .22 ಶಾರ್ಟ್ ತೋಟಾ. ಇಂದಿಗೂ ತಯಾರಾಗುವ ತೋಟಾ ಅದು. ಒಪ್ಪಂದದಲ್ಲಿ ಒಂದು ಕೊಕ್ಕೆಯಿತ್ತು: ಪೇಟೆಂಟ್ ಕದ್ದವರ ಮೇಲೆ ದಾವೆ ಹೂಡುವ ಖರ್ಚು ವೈಟನದು. ಬಂದ ರಾಯಧನದ ದೊಡ್ಡ ಪಾಲು ವಕೀಲರ ಪಾಲಾಯಿತು.

ಈ ಪೇಟೆಂಟ್ ಬೀಗ ಹಾಕಿದ್ದರಿಂದ ಬೇರೆ ಕಂಪನಿಗಳು ಕೈಕಟ್ಟಿ ಕೂತವು, ಇಲ್ಲವೇ ದುಡ್ಡು ಕಟ್ಟಿದವು. ರೆಮಿಂಗ್ಟನ್ ದುಡ್ಡು ಕಟ್ಟಿತು. 1868ರಿಂದ ಅದು ತನ್ನ ದೊಡ್ಡ ಕೇಪಿನ ರಿವಾಲ್ವರುಗಳಿಗೆ .46 ರಿಮ್‌ಫೈರ್ ತೋಟಾದ ಐದು ಗೂಡಿನ ಹೊಸ ಸಿಲಿಂಡರ್ ಕೂರಿಸಿ, ಸಿನ್ಸಿನಾಟಿಯ ವ್ಯಾಪಾರಿ ಬೆಂಜಮಿನ್ ಕಿಟ್ರೆಜ್‌ಗೆ ಸುಮಾರು 4,500 ಒದಗಿಸಿತು. ಪ್ರತಿಯೊಂದಕ್ಕೂ ಸ್ಮಿತ್ ಅಂಡ್ ವೆಸನ್‌ಗೆ ರಾಯಧನ. ತಮಾಷೆಯೆಂದರೆ ಸ್ಮಿತ್ ಅಂಡ್ ವೆಸನ್‌ನದೇ ದೊಡ್ಡ ಬೋರಿನ ರಿವಾಲ್ವರ್ ಬಂದದ್ದು 1870ರಲ್ಲಿ. 1869ರಲ್ಲಿ ಪೇಟೆಂಟ್ ಮುಗಿಯಿತು. ಅವಧಿ ವಿಸ್ತರಿಸುವ ಮಸೂದೆಯನ್ನು ಸಂಸತ್ತು ಒಪ್ಪಿದರೂ ಅಧ್ಯಕ್ಷ ಗ್ರಾಂಟ್ ತಡೆದರು. ಬೀಗ ತೆಗೆದದ್ದೇ ತಡ, ಕೋಲ್ಟ್ ಕಂಪನಿಯಲ್ಲಿ ಚಾರ್ಲ್ಸ್ ರಿಚರ್ಡ್ಸ್, ವಿಲಿಯಂ ಮೇಸನ್ ಎಂಬ ಇಬ್ಬರು ಸಾವಿರಾರು ಕೇಪಿನ ರಿವಾಲ್ವರುಗಳನ್ನು ತೋಟಾಕ್ಕೆ ತಿರುಗಿಸುವ ವಿಧಾನ ರೂಪಿಸಿದರು. ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಬಿಡಿಭಾಗಗಳು ಹೀಗೆ ಕಾಸಾದವು.

ದೊಡ್ಡ ರಿಮ್‌ಫೈರ್‌ಗಳ ಆಯುಷ್ಯ ಮಾತ್ರ ಕಡಿಮೆ. .44 ಹೆನ್ರಿ ಎಂಬ ತೋಟಾವನ್ನೇ ನೋಡಿ. 1866ರ ವಿಂಚೆಸ್ಟರ್ ರೈಫಲಿನ ತೋಟಾ ಅದು. ಆ ರೈಫಲುಗಳನ್ನು ಒಟ್ಟೊಟ್ಟಿಗೆ ಸಾವಿರಾರು ಕೊಂಡ ಆಟೊಮನ್ ತುರ್ಕರು, ಒಂದೇ ತೋಟಾ ಎರಡಕ್ಕೂ ಆಗಲೆಂದು, ಸ್ಮಿತ್ ಅಂಡ್ ವೆಸನ್‌ನ ‘ಮಾಡೆಲ್ 3’ ರಿವಾಲ್ವರನ್ನೂ .44 ರಿಮ್‌ಫೈರ್‌ನಲ್ಲೇ ಮಾಡಿಸಿಕೊಂಡರು. ಅದೇ ಮಾಡೆಲ್ 3ನ್ನು ರಷ್ಯನ್ನರು ಸೆಂಟರ್‌ಫೈರ್‌ನಲ್ಲಿ ಮಾಡಿಸಿಕೊಂಡಿದ್ದರು. 1877ರಲ್ಲಿ ಇಬ್ಬರೂ ಪರಸ್ಪರ ಯುದ್ಧಕ್ಕಿಳಿದಾಗ ಒಂದೇ ಊರಿನ ರಿವಾಲ್ವರ್ ಎರಡು ಪಾಳೆಯದಲ್ಲೂ ಇತ್ತು. ಆದರೆ ಒಬ್ಬರ ತೋಟಾ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ.

ಕೋಲ್ಟ್ ಕೂಡ ತನ್ನ ಪ್ರಸಿದ್ಧ ‘ಸಿಂಗಲ್ ಆಕ್ಷನ್ ಆರ್ಮಿ’ ರಿವಾಲ್ವರನ್ನು 1875ರಿಂದ 1880ರ ನಡುವೆ .44 ರಿಮ್‌ಫೈರ್‌ನಲ್ಲಿ ಮಾಡಿತು, ಎರಡು ಸಾವಿರಕ್ಕೂ ಕಡಿಮೆ, ಅವಕ್ಕೆಂದೇ ಬೇರೆ ಕ್ರಮಸಂಖ್ಯೆ. ಮುಂದೆ ಜನ ಸೆಂಟರ್‌ಫೈರ್‌ನತ್ತ ಹೊರಳಿದರು. ರಿಮ್‌ಫೈರ್ ತೋಟಾ ಮೂಲೆಯ ಅಂಗಡಿಗಳಲ್ಲಿ ಸಿಗುವುದು ಕಷ್ಟವಾಯಿತು. ದನ ಕಾಯುವವನಿಗೋ ಗಡಿಯೂರಿನ ರೈತನಿಗೋ ರಿವಾಲ್ವರ್ ಸಂಗ್ರಹದ ವಸ್ತುವಲ್ಲ, ಸಲಕರಣೆ. ಹೀಗಾಗಿ ಆ ಕೋಲ್ಟ್‌ಗಳಲ್ಲಿ ಹಲವು ಸೆಂಟರ್‌ಫೈರ್‌ಗೆ ಮಾರ್ಪಟ್ಟವು. ಮಾರ್ಪಡದೆ ಉಳಿದವು ವಿರಳ, ಆದ್ದರಿಂದಲೇ ದುಬಾರಿ. ಕೊಳ್ಳುವವರು ಮೊದಲು ಸುತ್ತಿಗೆ ಎತ್ತಿ ಚೌಕಟ್ಟಿನ ಎದೆಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಪಿನ್ನು ಎಲ್ಲಿ ಬಡಿಯುತ್ತದೆ? ಹಳೆಯ ರಂಧ್ರ ತುಂಬಿದ ಗುಂಡನೆಯ ಬೆಸುಗೆಯ ಗುರುತೇನಾದರೂ ಇದೆಯೇ? ಎಷ್ಟೇ ಉಜ್ಜಿ ಹೊಳಪು ಕೊಟ್ಟರೂ ಎರಡು ಉಕ್ಕಿನ ಬಣ್ಣ ಒಂದಾಗುವುದು ಕಷ್ಟ.

ಇಲ್ಲೊಂದು ತಿರುವಿದೆ. ರೆಮಿಂಗ್ಟನ್‌ನ .46, ಕೋಲ್ಟ್‌ನ ರಿಚರ್ಡ್ಸ್ ಮಾರ್ಪಾಡು, ಹಾರ್ವಿಯ ಕೇ-ಚಕ್ ಇವೆಲ್ಲ ಮೂಲ ರೂಪ ಕಳೆದುಕೊಂಡ ರಿವಾಲ್ವರುಗಳೇ. ಆದರೂ ಇವುಗಳ ಹಿಂದೆ ಬಿದ್ದ ಸಂಗ್ರಾಹಕರಿದ್ದಾರೆ. ಹಾಗಾದರೆ ಇಂದು ಒಬ್ಬ ತನ್ನ ಕೆ-22 ಕೊರೆಸಿದರೆ ಅದೇಕೆ ಅಪರಾಧದಂತೆ ಕಾಣಬೇಕು? ಬರೀ ಹಳೆಯದರ ಮೋಹ ಎಂದು ತಳ್ಳಿಹಾಕಬಹುದಿತ್ತು. ಆದರೆ ವಿಷಯ ಸಾಕ್ಷ್ಯದ್ದು. ಸ್ಮಿತ್ ಅಂಡ್ ವೆಸನ್‌ನ 1940ರ ಕಾಲದ ರಿವಾಲ್ವರಿನಲ್ಲಿ ಒಂದೇ ಕ್ರಮಸಂಖ್ಯೆ ಹಲವು ಕಡೆ ಇರುತ್ತದೆ: ಹಿಡಿಯ ಬುಡದಲ್ಲಿ, ಸಿಲಿಂಡರಿನ ಹಿಂಬದಿಯಲ್ಲಿ, ನಳಿಗೆಯ ಕೆಳಗೆ, ಬಲಗಡೆಯ ಮರದ ಹಿಡಿಯನ್ನು ಬಿಚ್ಚಿದರೆ ಅದರ ಒಳಮೈಯಲ್ಲಿ. ಮೂಲ ಡಬ್ಬಿ ಉಳಿದಿದ್ದರೆ ಅದರ ತಳದಲ್ಲೂ. ಕಾರ್ಖಾನೆಯ ದಫ್ತರಗಳಿಂದ, ಇಂಥ ದಿನ ಇಂಥ ಅಂಗಡಿಗೆ ಹೀಗೆ ರವಾನೆಯಾಯಿತು ಎಂಬ ಪತ್ರವನ್ನೂ ತರಿಸಿಕೊಳ್ಳಬಹುದು. ಇವೆಲ್ಲ ಒಂದಕ್ಕೊಂದು ತಾಳೆಯಾದಾಗ ಆ ರಿವಾಲ್ವರ್ 1940ರ ಕಾರ್ಖಾನೆ ಹೇಗಿತ್ತು ಎಂಬುದನ್ನು ಹೇಳುವ ದಾಖಲೆ. ಸಿಲಿಂಡರ್ ಬದಲಿಸಿದರೆ ಸರಪಳಿ ತುಂಡಾಗುತ್ತದೆ. ಗೂಡು ಕೊರೆದರೆ ಸಂಖ್ಯೆ ಉಳಿದು, ಸಂಖ್ಯೆ ಹೇಳುವ ಮಾತು ಸುಳ್ಳಾಗುತ್ತದೆ.

ರೆಮಿಂಗ್ಟನ್ ಕಾರ್ಖಾನೆ 1868ರಲ್ಲಿ ಮಾಡಿದ ಮಾರ್ಪಾಡಿಗೆ ಅದರದೇ ದಾಖಲೆಯಿದೆ, ಕಾರಣವಿದೆ. ಪೇಟೆಂಟಿನ ಜಗಳ ಅದರ ಮೈಮೇಲೆಯೇ ಬರೆದಿದೆ. ಹಾರ್ವಿಯ ಮಾರ್ಪಾಡಿಗೂ ಹೆಸರು, ಊರು, ಕಾಲ ಇವೆ, ಜೆಟ್‌ನ ಹುಟ್ಟಿನಲ್ಲಿ ಪಾತ್ರವಿದೆ. ಊರು ಹೆಸರಿಲ್ಲದ ಯಾರೋ ಮೊನ್ನೆ ಕೊರೆದ ಗೂಡು ಏನನ್ನೂ ಹೇಳುವುದಿಲ್ಲ. ಹಾಗೆಂದು ಎಲ್ಲ ಕೆ-22ಗಳೂ ಪವಿತ್ರವಲ್ಲ. ಆಗಲೇ ಬಣ್ಣ ಕೆರೆದು, ನಳಿಗೆ ಕತ್ತರಿಸಿ, ಬೇರೊಂದರ ಸಿಲಿಂಡರ್ ಹಾಕಿಸಿಕೊಂಡ ರಿವಾಲ್ವರಿನಲ್ಲಿ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಪ್ರಯೋಗ ಮಾಡಲೇಬೇಕೆನ್ನುವ ನುರಿತ ಗನ್‌ಸ್ಮಿತ್‌ಗಳು ಹುಡುಕುವುದು ಇಂಥವನ್ನೇ.

ದುಡ್ಡು, ದಾಖಲೆಗಳಿಗಿಂತ ಮೊದಲು ಯೋಚಿಸಬೇಕಾದ್ದು ಬೆರಳುಗಳ ಬಗ್ಗೆ. 1857ರ ಮಾಡೆಲ್ 1ಕ್ಕೆ ಇವತ್ತಿನ .22 ಶಾರ್ಟ್ ತೋಟಾ ಅಳತೆಯಲ್ಲಿ ಸರಿಯಾಗಿ ಕೂರುತ್ತದೆ; ಯಾವ ಮಾರ್ಪಾಡೂ ಬೇಡ. ಆದರೆ ಆ ರಿವಾಲ್ವರಿನ ಚೌಕಟ್ಟು ಹಿತ್ತಾಳೆಯದು, ಅದು ಕಂಡದ್ದು ಒಂದು ಚಿಟಿಕೆ ಕಪ್ಪುಮಸಿಯ ಸಿಡಿತ. ಇಂದಿನ ಹೊಗೆರಹಿತ ಪುಡಿಯ ಒತ್ತಡದ ಲೆಕ್ಕವೇ ಬೇರೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೆ ಅಗ್ಗದಲ್ಲಿ ಬಂದಿಳಿದ ಬ್ರಿಟಿಷ್ ವೆಬ್ಲಿ ರಿವಾಲ್ವರುಗಳ ಗತಿಯೂ ಇದೇ. .455 ತೋಟಾ ಸಿಗುತ್ತಿರಲಿಲ್ಲವೆಂದು ಸಿಲಿಂಡರಿನ ಹಿಂಬದಿ ಸವೆಸಿ, .45 ಎಸಿಪಿ ತೋಟಾ ಹಾಕುವಂತೆ ಮಾಡಿ ರಾಶಿರಾಶಿ ಮಾರಿದರು. ಎಸಿಪಿಯ ಒತ್ತಡ .455ಕ್ಕಿಂತ ಎಷ್ಟೋ ಹೆಚ್ಚು. ಒಡೆದ ಸಿಲಿಂಡರುಗಳೂ ಹೋದ ಬೆಲೆಯೂ ಇವತ್ತಿಗೂ ಆ ವ್ಯಾಪಾರದ ಶೇಷ. ತೋಟಾ ಗೂಡಿನಲ್ಲಿ ಕೂತಿತು ಎಂದ ಮಾತ್ರಕ್ಕೆ ಅದು ಆ ಕೋವಿಯ ತೋಟಾ ಅಲ್ಲ.

ಕಾನೂನಂತೂ ಕೆಲವು ದೇಶಗಳಲ್ಲಿ ರಿವಾಲ್ವರಿಗಿಂತ ತೋಟಾವನ್ನೇ ನೋಡುತ್ತದೆ. ಅಮೆರಿಕದ 1968ರ ಬಂದೂಕು ಕಾಯ್ದೆ ವರ್ಷ ನೋಡಿ, 1898 ಅಥವಾ ಅದಕ್ಕೆ ಮುಂಚೆ ತಯಾರಾದದ್ದನ್ನು ಪುರಾತನ ವಸ್ತುವೆನ್ನುತ್ತದೆ. ಕೈಬಂದೂಕುಗಳನ್ನು 1997ರಲ್ಲಿ ಬಹುಪಾಲು ನಿಷೇಧಿಸಿದ ಬ್ರಿಟನ್‌ನಲ್ಲಿ ಲೆಕ್ಕ ಬೇರೆ: .22 ಮುಂತಾದ ಕೆಲವು ಸಣ್ಣ ಅಳತೆಗಳನ್ನು ಬಿಟ್ಟರೆ ಹಳೆಯ ರಿಮ್‌ಫೈರ್ ರಿವಾಲ್ವರನ್ನು ಕುತೂಹಲದ ವಸ್ತುವಾಗಿ ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದ .32 ರಿಮ್‌ಫೈರ್ ಸ್ಮಿತ್ ಅಂಡ್ ವೆಸನ್ ಒಂದು ಲಂಡನ್ನಿನ ಮನೆಯ ಗೋಡೆಯಲ್ಲಿ ನಿಶ್ಚಿಂತೆಯಿಂದ ತೂಗಬಹುದು. ಅದನ್ನೇ ಇಂದಿನ ಸೆಂಟರ್‌ಫೈರ್ ತೋಟಾಕ್ಕೆ ತಿರುಗಿಸಿದರೆ ಅದು ನಿಷೇಧಿತ ಆಯುಧ. ವಿನಾಯ್ತಿ ಪಡೆದ ಹಳೆಯ ತೋಟಾಗಳ ಪಟ್ಟಿಯೂ ಸ್ಥಿರವಲ್ಲ. 2021ರ ಮಾರ್ಚ್‌ನಲ್ಲಿ .44 ರಷ್ಯನ್, .41 ಕೋಲ್ಟ್, .320 ಸೇರಿ ಏಳು ಹಳೆಯ ತೋಟಾಗಳನ್ನು ಬ್ರಿಟನ್ ಸರ್ಕಾರ ವಿನಾಯ್ತಿಯಿಂದ ಹೊರಹಾಕಿತು; ಅಂಥ ರಿವಾಲ್ವರುಗಳು ಅಪರಾಧಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಅಜ್ಜನ ಕಾಲದ ರಿವಾಲ್ವರ್ ಇಟ್ಟುಕೊಂಡಿದ್ದವರು ಆರು ತಿಂಗಳೊಳಗೆ ಲೈಸೆನ್ಸ್ ಕೇಳಬೇಕಾಯಿತು, ಇಲ್ಲವೇ ಕೈಬಿಡಬೇಕಾಯಿತು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ತಯಾರಿಕೆ, ಮಾರಾಟ, ದುರಸ್ತಿಗಳ ಸಾಲಿನಲ್ಲೇ ಮಾರ್ಪಾಡನ್ನೂ ಸೇರಿಸಿದೆ. ಅದಕ್ಕೆಂದೇ ಲೈಸೆನ್ಸ್ ಇಲ್ಲದವರು ಕೈಹಾಕುವಂತಿಲ್ಲ. ಹಳೆಯ ಕಾಲದ ಆಯುಧಗಳಿಗೆ 45ನೆಯ ಸೆಕ್ಷನ್ ವಿನಾಯ್ತಿ ಕೊಡುತ್ತದಾದರೂ ಷರತ್ತು ಬಿಗಿಯಾಗಿದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಗುಂಡು ಹಾರಿಸುವಂತಿರಬಾರದು. ಅಂದರೆ ಹೊಸ ತೋಟಾ ಹಾರಿಸಬಲ್ಲಂತೆ ಮಾಡಿಸಿದ ಕ್ಷಣದಲ್ಲೇ ಆ ವಿನಾಯ್ತಿ ಮುಗಿಯುತ್ತದೆ, ರಿವಾಲ್ವರ್ ಎಷ್ಟೇ ಹಳೆಯದಿರಲಿ.